ಒಂಬತ್ತು ಕಡ್ಡಿ, ಮೂರು ಉಕ್ಕು

೧

ಎಲ್ಲಿಂದ ಶುರು ಮಾಡಲಿ? ಚಾಕುವಿನಿಂದ ಶುರು ಮಾಡಿದರೆ ಕೊಲೆ ಯಾವಾಗ ಎಂದು ನೀವು ಕಾಯುತ್ತೀರಿ. ಇಲ್ಲಿ ಕೊಲೆ ಇಲ್ಲ, ಈಗಲೇ ಹೇಳಿಬಿಡುತ್ತೇನೆ. ಮರದಿಂದ ಶುರು ಮಾಡೋಣವೆಂದರೆ ಮರ ನಿನ್ನೆ ಬೆಳಿಗ್ಗೆಯೇ ಉರುಳಿದೆ.

(ಮೊದಲ ಡ್ರಾಫ್ಟು ‘ಉಕ್ಕು ಎಂದರೇನು?’ ಎಂದು ಶುರುವಾಗಿ ನಾಲ್ಕು ಪುಟ ಓಡಿತ್ತು. ನನ್ನ ಹೆಂಡತಿ ಓದಿ, ಇದರ ಜೊತೆ ಗ್ಯಾರಂಟಿ ಕಾರ್ಡೂ ಕೊಡ್ತೀರಾ ಎಂದು ಕೇಳಿದಳು. ಹರಿದು ಹಾಕಿದೆ.)

೨

ಸರಿ, ಕಸಿಯಕ್ಕನಿಂದಲೇ ಆಗಲಿ. ನರ್ಸರಿಯಲ್ಲಿ ಮೂವತ್ತು ವರ್ಷದಿಂದ ಒಂದು ಗಿಡದ ರೆಂಬೆಯನ್ನು ಇನ್ನೊಂದರ ಬುಡಕ್ಕೆ ಕೂಡಿಸುತ್ತ ಬಂದವಳು. ಅವಳ ಅಮ್ಮನದೂ ಅದೇ ಕೆಲಸ. ನರ್ಸರಿಯ ಹಿಂದಿನ ಅಂಗಳದಲ್ಲಿದ್ದ ನಿಂಬೆಮರ ಅಮ್ಮ ಕೈಯಾರೆ ಕಸಿ ಮಾಡಿದ್ದು. ತೆಳು ಸಿಪ್ಪೆ, ಎರಡೋ ಮೂರೋ ಬೀಜ, ಹಿಂಡಿದರೆ ಅಂಗೈ ತುಂಬ ರಸ. ಆ ಜಾತಿಯ ಮರ ಇನ್ನೆಲ್ಲೂ ಉಳಿದಿರಲಿಲ್ಲ. ನಿನ್ನೆ ಪೈಪು ಹೂಳಲು ಬಂದವರು ಹೇಳದೆ ಕೇಳದೆ ಅದನ್ನು ಬುಡಸಮೇತ ಕಿತ್ತರು. ಅವಳು ಓಡಿ ಬಂದು, ಎಲೆ ಬಾಡುವ ಮೊದಲೇ, ಒಳ್ಳೆಯ ಮೊಗ್ಗಿರುವ ಹನ್ನೆರಡು ಕಡ್ಡಿ ಕತ್ತರಿಸಿಕೊಂಡಳು. ಹನ್ನೆರಡನೆಯದರ ಗಂಟಿಗೆ ಸಿಕ್ಕಿ, ಮಸೆದು ಮಸೆದು ಸಣಕಲಾಗಿದ್ದ ಅವಳ ಮಡಚುವ ಚಾಕು ಮುರಿಯಿತು.

ಇವತ್ತು ಸಂಜೆಯೊಳಗೆ ಆ ಕಡ್ಡಿಗಳನ್ನು ಬೇರುಗಿಡಗಳಿಗೆ ಕೂಡಿಸಬೇಕು. ಸಿಪ್ಪೆ ಸುಕ್ಕಾದರೆ ಅಮ್ಮನ ನಿಂಬೆ ಅಲ್ಲಿಗೆ ಮುಗಿಯಿತು. ಕೊಯ್ತವೂ ಒಂದೇ ಎಳೆತಕ್ಕೆ ಸಪಾಟಾಗಿ ಬರಬೇಕು. ಕೂದಲೆಳೆಯಷ್ಟು ಏರುತಗ್ಗು ಇದ್ದರೂ ಗಾಳಿ ಹೊಕ್ಕು ಒಣಗುತ್ತದೆ. ಹಾಗಾಗಿ ಅವಳು ಚಾಕು ಅಂಗಡಿ ಇಟ್ಟಿರುವ ತಮ್ಮನಿಗೆ ಫೋನ್ ಮಾಡಿದಳು.

೩

ಈ ತಮ್ಮನನ್ನು ಕಂಡರೆ ನನಗೆ ಬಹಳ ಪ್ರೀತಿ. (ಕಾರಣ ಹೇಳಿಬಿಡುತ್ತೇನೆ: ನನ್ನ ಹತ್ತಿರವೂ ನಾಲ್ಕು ಮಡಚುವ ಚಾಕು ಇವೆ. ಅವು ಇದುವರೆಗೆ ಕೊಯ್ದಿರುವುದು ಕೊರಿಯರ್ ಡಬ್ಬಿಯ ಟೇಪು ಮಾತ್ರ.) ಅವನು ಬರುವಾಗ ಮೂರು ಚಾಕು ತಂದ. ಮೂರಕ್ಕೂ ಒಂದೇ ಹಿಡಿ, ಒಂದೇ ಅಳತೆ, ಉಕ್ಕು ಮಾತ್ರ ಬೇರೆ. ಒಂದು ಸಾದಾ ಕಾರ್ಬನ್: ಬೇಗ ಮಸೆಯಬಹುದು, ಹಸಿ ತಾಗಿದರೆ ಕಪ್ಪಾಗುತ್ತದೆ. ಇನ್ನೊಂದು ಸ್ಟೇನ್‌ಲೆಸ್: ತುಕ್ಕಿನ ಭಯವಿಲ್ಲ, ಉಳಿದದ್ದೆಲ್ಲ ಮಧ್ಯಮ. ಮೂರನೆಯದು ಪೌಡರ್ ಸ್ಟೀಲ್. ಕರಗಿದ ಉಕ್ಕನ್ನು ಪುಡಿ ಮಾಡಿ, ಆ ಪುಡಿಯನ್ನು ಮತ್ತೆ ಒತ್ತಿ ಗಟ್ಟಿ ಮಾಡಿದ್ದು. ಯಾರ ತಲೆಗೆ ಹೊಳೆಯಿತೋ, ಅವರ ಕಾಲಿಗೆ ಬೀಳಬೇಕು ಅನ್ನಿಸುತ್ತದೆ ನನಗೆ.

ಅಂಗಡಿಯಲ್ಲಿ ಅವನು ಮೂರರಲ್ಲೂ ಅಲಗು ಮೊಂಡಾಗುವವರೆಗೆ ಹಗ್ಗ ಕೊಯ್ದು ಎಣಿಸಿದ್ದ. ಕಾರ್ಬನ್ ತೊಂಬತ್ತು ಸಲ. ಸ್ಟೇನ್‌ಲೆಸ್ ನೂರಿಪ್ಪತ್ತು. ಪೌಡರ್ ನಾನೂರು ದಾಟಿದರೂ ಸೋಲಲಿಲ್ಲ, ಇವನ ಹಗ್ಗವೇ ಮುಗಿಯಿತು. ಹೇಳುವಾಗ ಅವನ ಮುಖ ಇಷ್ಟಗಲ ಆಗಿತ್ತು.

೫

(ನಾಲ್ಕನೆಯ ಭಾಗದಲ್ಲಿ ಪೌಡರ್ ಸ್ಟೀಲಿನಿಂದ ಹನ್ನೆರಡೂ ಕಸಿ ಕೂಡಿ, ಅಕ್ಕ ತಮ್ಮ ಅಪ್ಪಿಕೊಂಡಿದ್ದರು. ಅದು ನನ್ನ ಚಾಕುವಿನ ಮೇಲಿನ ಮೋಹ, ಕತೆಯಲ್ಲ. ಕೈಬಿಟ್ಟಿದ್ದೇನೆ.)

ನಡೆದದ್ದು ಇಷ್ಟು. ಅಕ್ಕ ಬೇರುಗಿಡಗಳ ಕುಂಡ ತರಲು ನೆರಳುಮನೆಗೆ ಹೋಗಿದ್ದಳು. ಹಗ್ಗ ಬೇರೆ, ಹಸಿಮರ ಬೇರೆ ಎಂದು ತಮ್ಮನಿಗೆ ಆಗ ಹೊಳೆಯಿತು. ಬೆಂಚಿನ ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಕಡ್ಡಿಗಳಿದ್ದವು. ಅಭ್ಯಾಸಕ್ಕೆ ಇಟ್ಟವಿರಬೇಕೆಂದುಕೊಂಡ. ಒಂದೊಂದು ಚಾಕುವಿಗೆ ಒಂದೊಂದರಂತೆ ಮೂರು ಕಡ್ಡಿಯನ್ನು ಮೊಗ್ಗಿನ ನಡುವೆಯೇ ಉದ್ದಕ್ಕೆ ಸೀಳಿ, ಸಾಲಾಗಿ ಜೋಡಿಸಿ, ಕೆಳಗೆ ಉಕ್ಕಿನ ಹೆಸರು ಬರೆದಿಟ್ಟ. ಎಷ್ಟು ಚೊಕ್ಕ ಕೆಲಸ, ನೋಡಿ.

ಕುಂಡ ಹಿಡಿದು ಬಂದ ಅಕ್ಕ ಮೂರು ಹೆಸರನ್ನೂ ಓದಿ, ಕುಂಡ ಕೆಳಗಿಟ್ಟಳು.

“ಅಮ್ಮನ ಕಡ್ಡಿ ಕಣೋ ಅವು.”

ತಮ್ಮ ಉಳಿದ ಒಂಬತ್ತರ ಮೇಲೆ ಒದ್ದೆ ಬಟ್ಟೆ ಎಳೆದು ಮುಚ್ಚಿದ. ಅಮ್ಮ ಅವನಿಗೂ ಅಮ್ಮನೇ ತಾನೆ.

೬

ಈ ಜಾಗದಲ್ಲಿ ನಾನು ಮೂರು ದಿನ ನಿಂತುಬಿಟ್ಟೆ. ಅಕ್ಕ ಬಯ್ಯಬೇಕೆ, ಅಳಬೇಕೆ? ಎರಡನ್ನೂ ಬರೆದು ನೋಡಿದೆ. ತಮ್ಮನಿಗೆ ಒಂದು ಕಪಾಳಮೋಕ್ಷವನ್ನೂ ಮಾಡಿಸಿದೆ. ಆಗ ಕಸಿಯಕ್ಕ ಕಾಗದದಿಂದ ತಲೆಯೆತ್ತಿ ನನ್ನನ್ನೇ ನೋಡಿದಳು.

“ಕತೆಗಾರ್ರೇ, ನೀವು ಯೋಚನೆ ಮಾಡ್ತಾ ಕೂತ್ರೆ ಇಲ್ಲಿ ಕಡ್ಡಿ ಒಣಗುತ್ತೆ.”

ಪೌಡರ್ ಸ್ಟೀಲನ್ನು ಹೇಗಾದರೂ ಗೆಲ್ಲಿಸಿಕೊಡಿ ಎಂದು ಕೇಳಿಕೊಂಡೆ. ಯಾರು ಗೆಲ್ಲಬೇಕು ಎನ್ನುವುದು ನಿಮ್ಮ ಚಟ, ನನಗೆ ಬೇಕಿರುವುದು ಒಂಬತ್ತು ಕೊಯ್ತ ಅಷ್ಟೇ, ಎಂದಳು. ನಾನು ಕಪಾಳಮೋಕ್ಷದ ಪುಟ ಹರಿದು ಹಾಕಿದೆ.

೭

ಅವಳು ಭೂತಗನ್ನಡಿ ತೆಗೆದು, ಹಾಳಾದ ಮೂರು ಕಡ್ಡಿಗಳನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಮೂರರಲ್ಲೂ ಸಣ್ಣ ಸಣ್ಣ ಗೀರುಗಳಿದ್ದವು. ಯಾವ ಕಲ್ಲಿಗೆ ಮಸೆದೆ ಎಂದು ಕೇಳಿದಳು. ಒರಟು ಕಲ್ಲಿಗೆ, ಅಲಗು ತುಸು ಒರಟಿದ್ದರೆ ಹಗ್ಗವನ್ನು ಚೆನ್ನಾಗಿ ಕಚ್ಚುತ್ತದೆ, ಎಂದವನು ನಾಲಿಗೆ ಕಚ್ಚಿಕೊಂಡ. ಹಗ್ಗದ ಪರೀಕ್ಷೆಯಲ್ಲಿ ಪಾಸಾಗಲೆಂದು ಮೂರು ಒಳ್ಳೆಯ ಉಕ್ಕನ್ನೂ ಅವನು ಗರಗಸ ಮಾಡಿಟ್ಟಿದ್ದ. ಕಸಿಗೆ ಬೇಕಾದದ್ದು ಕನ್ನಡಿಯಂಥ ಅಂಚು.

ನುಣುಪು ಮಾಡಲು ಎಷ್ಟು ಹೊತ್ತು ಬೇಕೆಂದಳು. ಕಾರ್ಬನ್‌ಗೆ ಹತ್ತು ನಿಮಿಷ. ಪೌಡರ್‌ಗೆ ಸಂಜೆಯಾಗುತ್ತದೆ. ಅದು ಹಗ್ಗಕ್ಕೆ ಬಗ್ಗದ ಹಾಗೆಯೇ ಕಲ್ಲಿಗೂ ಬಗ್ಗುವುದಿಲ್ಲ.

“ಹಾಗಾದ್ರೆ ಕಾರ್ಬನ್ ಕೊಡು, ನಾನೇ ತೀಡ್ಕೋತೀನಿ. ನೀನು ಆ ಪೌಡರನ್ನ ತೀಡ್ತಾ ಇರು.”

ಮುಂದಿನ ಎರಡು ಗಂಟೆಯನ್ನು ನಾನು ಕೈಕಟ್ಟಿಕೊಂಡು ನೋಡಿದೆ. ಅಬ್ಬಾ, ಆ ಕೈ. ಮೊಣಕೈ ಪಕ್ಕೆಗೆ ಅಂಟಿರುತ್ತದೆ, ಉಸಿರು ನಿಲ್ಲುತ್ತದೆ, ಅಲಗು ಬುಡದಿಂದ ತುದಿಯವರೆಗೆ ಒಂದು ಸಲ ಜಾರುತ್ತದೆ. ಕಡ್ಡಿಯ ಮೈ ತೇವದಲ್ಲಿ ಹೊಳೆಯುತ್ತದೆ. ಕಡ್ಡಿಯ ರಸಕ್ಕೆ ಅಲಗು ಕಪ್ಪಾಗುವ ಮೊದಲೇ ಬಟ್ಟೆಯಿಂದ ಒರೆಸಿ, ಚರ್ಮದ ಪಟ್ಟಿಯ ಮೇಲೆ ನಾಲ್ಕು ಸಲ ಎಳೆದು, ಮುಂದಿನದಕ್ಕೆ ಕೈಹಾಕುತ್ತಾಳೆ. ಪಕ್ಕದಲ್ಲಿ ತಮ್ಮ ತಲೆಯೆತ್ತದೆ ಪೌಡರ್ ಸ್ಟೀಲನ್ನು ತೀಡುತ್ತಿದ್ದಾನೆ, ಬೆರಳ ತುದಿ ಕೆಂಪಾಗಿದೆ.

ಎಂಟು ಕಸಿ ಮುಗಿದವು. ಒಂಬತ್ತನೆಯ ಕಡ್ಡಿ ಕೈಗೆತ್ತಿಕೊಂಡಾಗ ಅವನು ತನ್ನ ಚಾಕುವನ್ನು ಬೆಂಚಿನ ಮೇಲಿಟ್ಟ. ಕೊಡುತ್ತೇನೆಂದು ಬಾಯಿಬಿಟ್ಟು ಹೇಳುವ ಧೈರ್ಯ ಅವನಿಗಿರಲಿಲ್ಲ. ಅವಳು ಅಂಚನ್ನು ಬೆಳಕಿಗೆ ಹಿಡಿದು ನೋಡಿ, ಕಾರ್ಬನ್ ಚಾಕುವನ್ನು ಮಡಚಿ, ಅವನ ಪೌಡರ್ ಚಾಕುವಿನಲ್ಲೇ ಕೊಯ್ದಳು. ಕೊಯ್ದ ಮೈಯನ್ನು ಅವನಿಗೂ ತೋರಿಸಿದಳು. ಒಂದು ಗೀರೂ ಇರಲಿಲ್ಲ. ತಮ್ಮನ ಕಣ್ಣು ತುಂಬಿತು, ನನ್ನದೂ.

೮

ಒಂಬತ್ತನೆಯ ಕುಂಡಕ್ಕೆ ಗುರುತು ಹಾಕೋಣ ಎಂದು ತಮ್ಮ ಹೇಳಿದ. ಮರುದಿನ ಬೆಳಿಗ್ಗೆ ಅವನು ಬರುವಷ್ಟರಲ್ಲಿ ಅಕ್ಕ ಕುಂಡಗಳನ್ನೆಲ್ಲ ಹಿಂದುಮುಂದು ಮಾಡಿ ಇಟ್ಟಿದ್ದಳು. ನಾನೂ ನೋಡಿಕೊಂಡಿರಲಿಲ್ಲ. ಹಾಗಾಗಿ ಯಾವ ಉಕ್ಕು ಹೆಚ್ಚು ಎಂದು ತಿಳಿಯಲು ಇಲ್ಲಿಯವರೆಗೆ ಓದಿದವರು ನನ್ನನ್ನು ಬಯ್ಯಬಹುದು.

ಅಂತ್ಯ ಬೇಕೆ? ಒಂದು: ಒಂಬತ್ತೂ ಚಿಗುರಿದವು. ಇನ್ನೊಂದು: ಒಂದೇ ಒಂದು ಚಿಗುರಿತು, ಅದು ಯಾವುದೆಂದು ಇಬ್ಬರೂ ಕೇಳಲಿಲ್ಲ. ಮತ್ತೊಂದನ್ನು ಬರೆಯಲು ನನಗೆ ಮನಸ್ಸಿಲ್ಲ.

ಕಸಿ ಕೂಡಲು ನಲವತ್ತು ದಿನ ಬೇಕು. ಇವತ್ತು ಹದಿನೇಳನೆಯದು. ತಮ್ಮ ದಿನವೂ ಅಂಗಡಿ ತೆರೆಯುವ ಮೊದಲು ಬಂದು ಕುಂಡಗಳ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾನೆ. ಇವತ್ತು ಒಂದು ಕುಂಡದಲ್ಲಿ, ಕಸಿಯ ಸುತ್ತ ಬಿಗಿದು ಕಟ್ಟಿದ ಪಟ್ಟಿಯ ಕೆಳಗೆ ಏನೋ ಹಸಿರು ಕಾಣುತ್ತಿದೆ. ಚಿಗುರಿರಬಹುದು, ಪಾಚಿಯೂ ಇರಬಹುದು. ಅವನ ಹೆಬ್ಬೆರಳು ಪಟ್ಟಿಯ ಗಂಟಿನ ಮೇಲಿದೆ.

“ಬಿಚ್ಚಬೇಡ ಕಣೋ,” ಎಂದಳು ಅಕ್ಕ, ಬೆನ್ನ ಹಿಂದಿನಿಂದ. “ಈಗ ನೋಡಿದ್ರೆ ಸಾಯುತ್ತೆ.”

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ನಾನೂ ಪೆನ್ನು ಎತ್ತಿದೆ. ಇನ್ನು ನೀವೂ ಕೈ ತೆಗೆಯಿರಿ.