ಭಾವನ ಹಾಲ್

ದುಬೈಯ ಸತ್ವಾದ ಆ ಹಳೇ ವಿಲ್ಲಾದಲ್ಲಿ ಮೂರು ಸಂಸಾರಗಳಿದ್ದವು. ಆದರೆ ತಿಂಗಳ ಎರಡನೇ ಶುಕ್ರವಾರ ಸಂಜೆ ನಾಲ್ಕು ಗಂಟೆಗೆ ಅದು ಲಿಯೊನೆಲ್ ಮಸ್ಕರೇನಸ್ ಒಬ್ಬನದೇ ಆಗಿಬಿಡುತ್ತಿತ್ತು. ಬಾಗಿಲ ಹೊರಗೆ ನಲವತ್ತು ಜೊತೆ ಚಪ್ಪಲಿ. ಒಳಗೆ ಹಾಲ್‌ನಲ್ಲಿ ಮಂಗಳೂರಿನವರು, ಗೋವೆಯವರು, ಐರ್ಲೆಂಡಿನ ನರ್ಸುಗಳು, ಸ್ಕಾಟ್ಲೆಂಡಿನ ಇಂಜಿನಿಯರುಗಳು ಚಾಪೆಯ ಮೇಲೆ ಭುಜಕ್ಕೆ ಭುಜ ತಾಗಿಸಿಕೊಂಡು ಕೂರುತ್ತಿದ್ದರು. ಕಿಟಕಿಯ ಎ.ಸಿ. ಗುರುಗುಟ್ಟಿದರೆ ಪಿಟೀಲು ಕೇಳುವುದಿಲ್ಲವೆಂದು ಅದನ್ನು ಆರಿಸಬೇಕಿತ್ತು. ಎರಡು ಹಾಡಿನಷ್ಟು ಹೊತ್ತು ಬೆವರು, ಹತ್ತು ನಿಮಿಷ ತಂಪು, ಮತ್ತೆ ಬೆವರು. ಆದರೂ ಯಾರೂ ಗೊಣಗುತ್ತಿರಲಿಲ್ಲ. ಜೆಬೆಲ್ ಅಲಿ ಬಂದರಿನ ಶಿಪ್ಪಿಂಗ್ ಆಫೀಸಿನಲ್ಲಿ ವಾರವಿಡೀ ಕಂಟೇನರುಗಳ ನಂಬರು ಟೈಪು ಮಾಡುವ ಮನುಷ್ಯನಿಗೆ ತಿಂಗಳಿಗೊಮ್ಮೆ ಇಷ್ಟು ಜನ ಚಪ್ಪಾಳೆ ತಟ್ಟಿದರೆ ಕಾಲು ನೆಲದ ಮೇಲೆ ನಿಲ್ಲುವುದುಂಟೇ?

ಇದಕ್ಕೆಲ್ಲ ಕಾರಣ ಫಿಂಟನ್ ಎಂಬ ಕೆಂಪು ಗಡ್ಡದ ಐರಿಷ್ ಮೇಷ್ಟ್ರು. ಅಬುಧಾಬಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ. ದುಬೈಯ ಇಗರ್ಜಿಯ ಗಾಯಕರ ಕಾಯರ್‌ನಲ್ಲಿ ಲಿಯೊನೆಲ್‌ನ ಪಿಟೀಲು ಕೇಳಿ ಪರಿಚಯ ಮಾಡಿಕೊಂಡಿದ್ದ. ತನ್ನ ನಾಡಿನ ಹಳ್ಳಿಗಳ ಕುಣಿತದ ಮಟ್ಟುಗಳನ್ನು ಅವನು ತಂದ, ಮಂಗಳೂರಿನ ಮದುವೆಮನೆಯ ಹಾಡುಗಳನ್ನು ಇವರು ಕೊಟ್ಟರು. ‘ಫೋಕ್ ಅಂಡ್ ಕೆಲ್ಟಿಕ್ ಅಟ್ ಲಿಯೊನೆಲ್ಸ್’ ಎಂದು, ಅಂದರೆ ನಮ್ಮ ಜಾನಪದದ ಜೊತೆ ಐರಿಷ್, ಸ್ಕಾಟಿಷ್ ಸಂಗೀತ ಎಂದು, ಆಹ್ವಾನದ ಕಾರ್ಡು ಟೈಪಾಯಿತು. ಎರಡು ವರ್ಷ ಎಲ್ಲವೂ ಚೆನ್ನಾಗಿಯೇ ನಡೆಯಿತು.

ಆಮೇಲೆ ಬಂದ ವ್ಯಾಲೆಂಟೈನ್. ಬಂದ ಎಂದರೆ ತಪ್ಪಾದೀತು. ಲಿಯೊನೆಲ್ಲೇ ವೀಸಾ ಮಾಡಿಸಿ ಕರೆಸಿಕೊಂಡದ್ದು. ಹೆಂಡತಿ ಜೂಡಿತಳ ತಮ್ಮ. ಹಾದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತಾಯಿತು ಎಂದು ಲಿಯೊನೆಲ್‌ಗೆ ಅನ್ನಿಸತೊಡಗಿದ್ದು ಮಾತ್ರ ತೀರ ಈಚೆಗೆ, ಎರಡು ಸಾವಿರದ ಎಂಟನೇ ಇಸವಿಯಲ್ಲಿ. ವ್ಯಾಲೆಂಟೈನ್ ಸತ್ವಾದ ಗ್ಯಾರೇಜೊಂದರಲ್ಲಿ ಕಾರುಗಳ ತಗ್ಗು ತಟ್ಟಿ ಸರಿಮಾಡುವ ಕೆಲಸದವನು. ಊರಲ್ಲಿ ಗುಮಟೆಯೆಂಬ ಮಣ್ಣಿನ ವಾದ್ಯ ಬಡಿಯುವುದು ಬಿಟ್ಟರೆ ಬೇರೇನೂ ಬಾರದವನು. ಅಂಥವನು ಒಂದು ದಿನ ಫಿಲಿಪಿನೊ ಒಬ್ಬನಿಂದ ಹಳೇ ಪಿಟೀಲು ಕೊಂಡುತಂದು, ಹಾಲ್‌ನ ಮೂಲೆಯಲ್ಲಿ ಕೂತು, ಫಿಂಟನ್ ನುಡಿಸಿದ್ದನ್ನು ಎರಡೇ ಸಲ ಕೇಳಿ ಮೂರನೇ ಸಲಕ್ಕೆ ತಾನೂ ನುಡಿಸಿಬಿಟ್ಟ.

ಲಿಯೊನೆಲ್ ನಾಲ್ಕು ಪರೀಕ್ಷೆ ಪಾಸು ಮಾಡಿ ಸ್ವರಲಿಪಿ ಓದಲು ಕಲಿತವನು. ಮುಂದೆ ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ಕಾಗದ. ಕಾಗದದಲ್ಲಿ ಇಲ್ಲದ್ದು ಅವನ ಬೆರಳಿಗೂ ಇಲ್ಲ. ಫಿಂಟನ್‌ನ ನಾಡಿನಲ್ಲೋ ಯಾರೂ ಕಾಗದ ನೋಡುವುದಿಲ್ಲವಂತೆ, ಕಿವಿಯಿಂದ ಕಿವಿಗೆ ದಾಟಿಸುತ್ತಾರಂತೆ. ಇಷ್ಟು ಗೊತ್ತಾದ ಮೇಲೆ ಕೇಳಬೇಕೆ! ಪ್ರತಿ ತಿಂಗಳೂ ಫಿಂಟನ್ “ವೇರ್ ಈಸ್ ವ್ಯಾಲೆಂಟೈನ್?” ಎಂದು ಹುಡುಕುವುದು, ಪಕ್ಕದಲ್ಲಿ ಕೂರಿಸಿಕೊಳ್ಳುವುದು, ಇಬ್ಬರೂ ಕಣ್ಣು ಮುಚ್ಚಿ ನುಡಿಸುವುದು. ಮನೆಯ ಯಜಮಾನ ಮಾತ್ರ ಕಾಗದ ಮಗುಚುತ್ತ ಅರ್ಧ ಸಾಲು ಹಿಂದೆ.

ಅದನ್ನೂ ಹೇಗೋ ನುಂಗಿಕೊಂಡಿದ್ದ. ಆದರೆ ಹೋದ ತಿಂಗಳು ವ್ಯಾಲೆಂಟೈನ್ ಒಂದು ನಿಧಾನದ ಮಟ್ಟು ನುಡಿಸುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಜೂಡಿತ್ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮದುವೆಯಾಗಿ ಹದಿನೇಳು ವರ್ಷ. ಗಂಡನ ಪಿಟೀಲಿಗೆ ಅವಳು ಒಂದು ದಿನವೂ ಕಣ್ಣೊರೆಸಿಕೊಂಡವಳಲ್ಲ. ಲಿಯೊನೆಲ್‌ನ ಹೊಟ್ಟೆಗೆ ಬೆಂಕಿ ಬಿತ್ತು. ಆ ವಾರ ಊಟ ರುಚಿಸಲಿಲ್ಲ. ಆಫೀಸಿನ ಬಸ್ಸಿನಲ್ಲಿ ಕೂತರೂ ಆ ಸೆರಗೇ ಕಣ್ಣಿಗೆ ಕಟ್ಟುತ್ತಿತ್ತು. ತನ್ನ ಮನೆ, ತನ್ನ ಚಾಪೆ, ತನ್ನ ಹೆಸರಿನ ಕಾರ್ಡು; ಹೊಗಳಿಕೆ ಮಾತ್ರ ಭಾವಮೈದುನನಿಗೆ. ಇನ್ನೊಂದು ಸಲ ಹಾಗಾದರೆ ತನ್ನ ಮನೆಯಲ್ಲಿ ತಾನು ಬರೀ ಚಾಪೆ ಹಾಸುವವನಾಗಿ ಉಳಿಯುವುದು ಅವನಿಗೆ ಖಾತ್ರಿಯಾಗಿಹೋಯಿತು.

ಅದಕ್ಕೇ ಈ ತಿಂಗಳ ಬುಧವಾರ ಫೋನು ಮಾಡಿದ.

“ವಾಲ್ಲಿ, ಈ ಶುಕ್ರವಾರ ಪ್ರೋಗ್ರಾಂ ಇಲ್ಲ ಮಾರಾಯ. ಫಿಂಟನ್‌ಗೆ ಜೋರು ಜ್ವರ.”

“ಅಯ್ಯೋ, ಹೌದಾ ಭಾವ?” ಎಂದ ವ್ಯಾಲೆಂಟೈನ್. ದನಿ ಇಳಿದುಹೋಯಿತು. “ಈ ಸಲ ನಾನೊಂದು… ಇರ್ಲಿ, ಮುಂದಿನ ತಿಂಗಳು.”

ಜೂಡಿತಳಿಗೆ ಬೇರೆಯೇ ಸುಳ್ಳು: ಅವನಿಗೆ ಗ್ಯಾರೇಜಿನಲ್ಲಿ ಓವರ್‌ಟೈಮ್ ಅಂತೆ.

ಶುಕ್ರವಾರ ಹಾಲ್ ತುಂಬಿತು. ಲಿಯೊನೆಲ್ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿ ಫಿಂಟನ್‌ನ ಪಕ್ಕದಲ್ಲೇ ಸ್ಟ್ಯಾಂಡು ಇಟ್ಟುಕೊಂಡ. ಎರಡು ಮಟ್ಟು ನುಡಿಸಿದರು. ಒಂದು ತಪ್ಪೂ ಆಗಲಿಲ್ಲ, ಚಪ್ಪಾಳೆಯೂ ಬಿತ್ತು. ತಪ್ಪಿಲ್ಲದವರಿಗೆ ತಟ್ಟುವ ಮರ್ಯಾದೆಯ ಚಪ್ಪಾಳೆ ಅದು. ಲಿಯೊನೆಲ್‌ಗೆ ಅಷ್ಟೇ ಸಾಕಾಗಿತ್ತು.

ಮೂರನೆಯದಕ್ಕೆ ಮೊದಲು ಫಿಂಟನ್ ಎದ್ದು ನಿಂತ. ನಮ್ಮ ಕಡೆ ಒಂದು ಪದ್ಧತಿ ಇದೆ ಎಂದು ಇಂಗ್ಲಿಷಿನಲ್ಲಿ ಶುರುಮಾಡಿದ. ಯಾರದ್ದಾದರೂ ಮನೆಯಲ್ಲಿ ಅನ್ನ ಉಂಡು, ನುಡಿಸಿ, ಮಲಗಿ ಎದ್ದವನು ಆ ಋಣಕ್ಕೆ ಒಂದು ಮಟ್ಟು ಕಟ್ಟಿ ಅದಕ್ಕೆ ಆ ಯಜಮಾನನ ಹೆಸರಿಡುತ್ತಾನೆ. ನೂರಾರು ವರ್ಷದ ಮೇಲೂ ಜನ ಆ ಹೆಸರು ಹೇಳಿಯೇ ನುಡಿಸುತ್ತಾರೆ ಎಂದ.

“ಈ ಮನೆಗೂ ಅಂಥದ್ದೊಂದು ಹುಟ್ಟಿದೆ. ನಾನು ಕಟ್ಟಿದ್ದಲ್ಲ, ವ್ಯಾಲೆಂಟೈನ್ ಕಟ್ಟಿದ್ದು. ಕಾರಿನ ಕೆಲಸಕ್ಕೆ ಹೋದಾಗ ಗ್ಯಾರೇಜಿನ ಹಿಂದೆ ನುಡಿಸಿ ತೋರಿಸಿದ. ದುಬೈಗೆ ಬಂದ ಹೊಸದರಲ್ಲಿ ಹನ್ನೊಂದು ತಿಂಗಳು ಅವನು ಮಲಗಿದ್ದು ಈ ಹಾಲ್‌ನಲ್ಲೇ ಅಂತೆ. ಮಟ್ಟಿನ ಹೆಸರು ‘ಲಿಯೊನೆಲ್ ಭಾವನ ಹಾಲ್’.” ‘ಭಾವ’ ಎನ್ನುವಾಗ ಅವನ ನಾಲಿಗೆ ತೊಡರಿ ಎಲ್ಲರೂ ನಕ್ಕರು. “ಲಿಯೊನೆಲ್, ಇವತ್ತು ನಿಮಗೆ ಮೊದಲೇ ತಿಳಿಸದೆ ನುಡಿಸಬೇಕು ಅಂತ ಇಬ್ಬರೂ ಮಾತಾಡಿಕೊಂಡಿದ್ದೆವು. ಇಷ್ಟು ಹೊತ್ತಾದರೂ ಬಂದಿಲ್ಲ, ಎಲ್ಲಿ ಅವನು?”

“ಗ್ಯಾರೇಜಲ್ಲಿ ಓವರ್‌ಟೈಮ್ ಅಂತೆ,” ಎಂದಳು ಜೂಡಿತ್.

“ರಜೆಯ ಶುಕ್ರವಾರವಾ?” ಎಂದ ಫಿಂಟನ್. “ನಾನು ಈಗ ಅದರ ಮುಂದೆಯೇ ಬಂದೆ. ಬೀಗ ಹಾಕಿದೆಯಲ್ಲ!”

ಜೂಡಿತ್ ಗಂಡನ ಮುಖ ನೋಡಿದಳು. ಹದಿನೇಳು ವರ್ಷದ ಸಂಸಾರದಲ್ಲಿ ಮುಖ ನೋಡಿದರೆ ಸಾಕು. ಲಿಯೊನೆಲ್ ಪಿಟೀಲನ್ನು ಕುರ್ಚಿಯ ಮೇಲಿಟ್ಟು ಅವಳ ಹಿಂದೆ ಅಡುಗೆಮನೆಗೆ ಹೋದ.

“ನಾನೇ ಬೇಡ ಅಂದದ್ದು,” ಎಂದ. “ಪ್ರೋಗ್ರಾಂ ಇಲ್ಲ ಅಂತ ಸುಳ್ಳು ಹೇಳಿದೆ.”

ಇಡ್ಲಿಯಂಥ ಸನ್ನ ಬೇಯುತ್ತಿದ್ದ ಪಾತ್ರೆಯಿಂದ ಹಬೆ ಏಳುತ್ತಿತ್ತು. ಜೂಡಿತ್ ಒಲೆ ಆರಿಸಿದಳು. ಗೂಟದಲ್ಲಿದ್ದ ಕಾರಿನ ಕೀ ತೆಗೆದು ಅವನ ಕೈಗಿಟ್ಟಳು.

“ಹೋಗಿ ಕರ್ಕೊಂಡು ಬನ್ನಿ. ಅವ ಇಲ್ಲದೆ ನೀವೂ ಬರೂದು ಬೇಡ.”

ಹೀಗೆ ಯಜಮಾನ ತನ್ನ ಮನೆಯ ಸಂಗೀತ ಕಚೇರಿಯನ್ನೇ ಬಿಟ್ಟು, ನಲವತ್ತು ಜೊತೆ ಚಪ್ಪಲಿ ದಾಟಿಕೊಂಡು ಹೊರಟ. ವ್ಯಾಲೆಂಟೈನ್ ಈಗಿದ್ದದ್ದು ಊರಾಚೆಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ, ಒಂದು ರೂಮಿಗೆ ಆರು ಜನ ಬ್ಯಾಚುಲರುಗಳು. ದಾರಿಯುದ್ದಕ್ಕೂ ಲಿಯೊನೆಲ್‌ಗೆ ನಾಚಿಕೆಯಾಯಿತು. ನಾಚಿಕೆಯ ಅಡಿಯಲ್ಲಿ ಹೊಟ್ಟೆಕಿಚ್ಚೂ ಹಾಗೆಯೇ ಕೂತಿತ್ತು. ಮಟ್ಟು ಕಟ್ಟಿದನಂತೆ! ಸ್ವರ ಬರೆಯಲು ಬಾರದವನು ಮಟ್ಟು ಕಟ್ಟುವುದೆಂದರೇನು? ಅದು ಚೆನ್ನಾಗಿರದೇ ಹೋಗಲಿ ಎಂದು ಸಿಗ್ನಲ್ಲಿನಲ್ಲಿ ನಿಂತಾಗ ಒಮ್ಮೆ ದೇವರನ್ನು ಬೇಡಿಕೊಂಡ ಕೂಡ.

ವ್ಯಾಲೆಂಟೈನ್ ಲುಂಗಿ ಉಟ್ಟು ಕೆಳಗಿನ ಮೆಟ್ಟಿಲಲ್ಲಿ ಕೂತಿದ್ದ. ಭಾವನನ್ನು ಕಂಡು ಗಾಬರಿಯಾಗಿ ಎದ್ದ.

“ಫಿಂಟನ್ ಸಾರ್‌ಗೆ ಹೇಗುಂಟು ಭಾವ? ಜಾಸ್ತಿ ಆಯ್ತಾ?”

“ಅವನಿಗೆ ಜ್ವರ ಇಲ್ಲ. ಅವ ನಮ್ಮ ಮನೆಯಲ್ಲೇ ಇದ್ದಾನೆ. ನಾನು ಸುಳ್ಳು ಹೇಳಿದ್ದು. ನೀನು ಬರೂದು ನಂಗೆ ಬೇಡ ಇತ್ತು.”

“ಯಾಕೆ ಭಾವ?”

“ಹೊಟ್ಟೆಕಿಚ್ಚು. ಮತ್ತೆಂತ?”

ವ್ಯಾಲೆಂಟೈನ್ ತಿರುಗಿ ಮೆಟ್ಟಿಲು ಹತ್ತಿ ಹೋದ. ಇನ್ನು ಇಳಿದು ಬರಲಾರ ಎಂದುಕೊಂಡು ಲಿಯೊನೆಲ್ ಕಾರಿಗೆ ಒರಗಿ ನಿಂತ. ಕಾಲು ಗಂಟೆಯ ಮೇಲೆ ಅವನು ಪ್ಯಾಂಟು ಹಾಕಿ, ತಲೆ ಬಾಚಿ, ಪಿಟೀಲಿನ ಪೆಟ್ಟಿಗೆ ಹಿಡಿದು ಬಂದು ಕಾರಿನಲ್ಲಿ ಕೂತ.  ಅರ್ಧ ದಾರಿಯಲ್ಲಿ ತಡೆಯಲಾರದೆ ಲಿಯೊನೆಲ್ಲೇ ಶುರುಮಾಡಿದ.

“ಹತ್ತು ವರ್ಷದ ಹುಡುಗ ಇದ್ದಾಗಿಂದ ಮೇಷ್ಟ್ರ ಕೈಲಿ ಪೆಟ್ಟು ತಿಂದು ಕಲಿತವ ನಾನು. ನಿಂಗೆ ದೇವರು ಪುಕ್ಕಟೆ ಕೊಟ್ಟ. ನಂಗೆ ಸಹಿಸ್ಲಿಕ್ಕೆ ಆಗದ್ದು ಅದೇ.”

“ದೇವರು ಎಲ್ಲಿ ಕೊಟ್ಟದ್ದು ಭಾವ? ನೀವಲ್ವಾ ಕೊಟ್ಟದ್ದು?”

“ನಾನೆಂತ ಕೊಟ್ಟೆ?”

“ಬೆಳಿಗ್ಗೆ ಐದು ಗಂಟೆಗೆ, ಬಸ್ಸಿಗೆ ಹೋಗೂ ಮೊದ್ಲು, ದಿನಾ ಹಾಲ್‌ನಲ್ಲಿ ಪ್ರಾಕ್ಟೀಸ್ ಮಾಡ್ತಿದ್ರಲ್ಲ. ನಾನು ಮಲಗಿದ್ದೇನೆ ಅಂತ ಮೆಲ್ಲ ಬಾರಿಸ್ತಿದ್ರಿ. ನಂಗೆ ಎಚ್ಚರ ಇರ್ತಿತ್ತು. ಹೊದಿಕೆಯ ಒಳಗೆ ಎದೆ ಮೇಲೆ ಬೆರಳು ಆಡಿಸ್ತಿದ್ದೆ. ನೀವು ತಪ್ಪಿ ನಿಂತ್ರೆ ನಾನೂ ನಿಲ್ತಿದ್ದೆ, ನೀವು ಮತ್ತೆ ಮೊದಲಿಂದ ಶುರು ಮಾಡಿದ್ರೆ ನಾನೂ ಮೊದಲಿಂದ. ಹನ್ನೊಂದು ತಿಂಗಳು, ಒಂದು ದಿನ ಬಿಟ್ಟಿಲ್ಲ.”

ಲಿಯೊನೆಲ್‌ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಹಿಂದಿನ ಟ್ಯಾಕ್ಸಿಯವನು ಹಾರ್ನ್ ಹೊಡೆದ.

“ಒಂದು ಮಾತು ಹೇಳಿದ್ರೆ ನಾನೇ ಕೂರಿಸಿ ಕಲಿಸ್ತಿದ್ದೆನಲ್ಲ ಮಾರಾಯ! ಹೇಳದೇ ಇದ್ದದ್ದು ಯಾಕೆ?”

“ಹೆದರಿಕೆ ಆಯ್ತು ಭಾವ. ನಾನು ಕೇಳ್ತಾ ಇದ್ದೇನೆ ಅಂತ ಗೊತ್ತಾಗಿ ನೀವು ಬಾರಿಸೂದೇ ನಿಲ್ಲಿಸಿದ್ರೆ ಅಂತ.”

ಛೆ, ನಾನು ಹಾಗೆ ಮಾಡುವವನಾ ಎಂದು ಹೇಳಲು ಲಿಯೊನೆಲ್ ಬಾಯಿ ತೆರೆದ. ಮತ್ತೆ ಬ್ರೇಕಿನಿಂದ ಕಾಲು ತೆಗೆದು ಕಾರನ್ನು ಮನೆಯತ್ತ ಬಿಟ್ಟ. ಗೊತ್ತಾಗಿದ್ದರೆ ಬಾರಿಸುವುದನ್ನು ಖಂಡಿತ ನಿಲ್ಲಿಸುತ್ತಿದ್ದ ಎಂಬುದು ಅವನಿಗೆ ಗೊತ್ತಿತ್ತು.