ಮೂಟೆಯ ಮೇಲಿನ ಮಾಲೀಕ

"ಮೂಟೆ ಮೇಲೆ ಕೂತಿರೋನು ಯಾರಯ್ಯಾ?"

"ನಾನೇ ಸಾ."

"ಗಾಡಿ ಓನರು?"

"ಅದೂ ನಾನೇ ಸಾ."

"ನಿನ್ನ ಗಾಡೀಲಿ ನೀನೇ ಲೋಡಾ? ಬೆಳಿಗ್ಗೆ ಬೆಳಿಗ್ಗೆನೇ ಏರಿಸ್ಕೊಂಡು ಬಂದಿದೀಯಾ, ಬೋಳಿಮಗನೇ?"

ಟ್ರಾಫಿಕ್ ಸ್ಟೇಷನ್ನಿನಲ್ಲಿ ದಂಡ ಕಟ್ಟಲು ಸಾಲು ನಿಂತಿದ್ದವರೆಲ್ಲ ನಕ್ಕರು. ಮುನಿಆಂಜಿನಪ್ಪ ಏರಿಸಿರಲಿಲ್ಲ. ಬರಿಹೊಟ್ಟೆಯಲ್ಲಿ ರಾಜಾನುಕುಂಟೆಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದ. ಎಎಸ್‌ಐ ಬೆರಳಿಟ್ಟು ತೋರಿಸುತ್ತಿದ್ದ ಫೋಟೊವನ್ನು ನಿನ್ನೆಯಿಂದ ನೂರು ಸಲ ನೋಡಿದ್ದ. ಹೆಬ್ಬಾಳದ ಫ್ಲೈಓವರಿನ ಕ್ಯಾಮರಾ ತೆಗೆದ ಫೋಟೊ ಅದು. ಸ್ಟೀರಿಂಗ್ ಹಿಡಿದವನು ಗೌಡರ ಮಗ ನಾಗೇಶ. ಹಿಂದೆ ಆಲೂಗಡ್ಡೆ ಮೂಟೆಗಳ ಮೇಲೆ, ತಲೆಗೆ ಟವೆಲ್ ಸುತ್ತಿಕೊಂಡು ಕುಕ್ಕರಗಾಲಲ್ಲಿ ಕೂತವನು ತಾನೇ. ಸರಕಿನ ಗಾಡಿಯಲ್ಲಿ ಆಳನ್ನು ಕೂರಿಸಿದ್ದಕ್ಕೆ ಮಾಲೀಕ ಮುನಿಆಂಜಿನಪ್ಪನಿಗೆ ಐನೂರು ರೂಪಾಯಿ ದಂಡ.

ಅವನು ಮಾಲೀಕನಾದ ಕಥೆ ಚಿಕ್ಕದು. ಆರು ವರ್ಷದ ಹಿಂದೆ, ಕಾಲೋನಿಯವರಿಗೆ ಪರಿಶಿಷ್ಟರ ಅಭಿವೃದ್ಧಿ ನಿಗಮ ಸಬ್ಸಿಡಿಯಲ್ಲಿ ಗಾಡಿ ಕೊಡುತ್ತದೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ವೆಂಕಟರಾಮಯ್ಯ ಗೌಡರು ತಮ್ಮ ಆಳನ್ನು ಕರೆಸಿ ಹತ್ತು ಕಡೆ ರುಜು ಹಾಕಿಸಿದ್ದರು. ಗಾಡಿ ಬಂದ ದಿನ ಅವನ ಕೊರಳಿಗೆ ಹಾರ ಹಾಕಿ, ಕೈಗೆ ಕೀ ಕೊಟ್ಟು ಫೋಟೊ ತೆಗೆಸಿದರು. ಫೋಟೊ ಮುಗಿದ ಮೇಲೆ ಕೀ ನಾಗೇಶನ ಜೇಬಿಗೆ ಹೋಯಿತು, ಹಾರ ಗಾಡಿಯ ಮೂತಿಗೆ ಹೋಯಿತು. ಅಲ್ಲಿಂದ ಇವನದು ಮೂಟೆ ಏರಿಸುವುದು, ಯಶವಂತಪುರದ ಮಂಡಿಯಲ್ಲಿ ಇಳಿಸುವುದು, ಇಷ್ಟೇ. ನಾಗೇಶನ ಪಕ್ಕದ ಸೀಟು ಖಾಲಿಯೇ. ಆದರೆ ಅದರ ಮೇಲೆ ಅವನ ಊಟದ ಡಬ್ಬಿ ಇರುತ್ತಿತ್ತು. ಡಬ್ಬಿಯ ಪಕ್ಕ ಕಾಲೋನಿಯವನು ಕೂರುವಂತಿರಲಿಲ್ಲ.

ಇಷ್ಟು ವರ್ಷ ಎಲ್ಲವನ್ನೂ ನುಂಗಿಕೊಂಡಿದ್ದವನು ಇಂದು ಸ್ಟೇಷನ್ ಮೆಟ್ಟಿಲು ಹತ್ತಿದ್ದು ಮಗಳು ಬಿಂದುಶ್ರೀಗಾಗಿ. ಅಪಾರ್ಟ್‌ಮೆಂಟಿನಲ್ಲಿ ಕಸ ಗುಡಿಸುತ್ತಲೇ ಅವಳು ಆಟೊ ಓಡಿಸುವುದನ್ನು ಕಲಿತು ಲೈಸೆನ್ಸ್ ತೆಗೆದುಕೊಂಡಿದ್ದಳು. ಆಟೊ ಬೇಕೆಂದು ಅದೇ ನಿಗಮಕ್ಕೆ ಹಾಕಿದ್ದ ಅರ್ಜಿ, ನಿಮ್ಮ ಮನೆಗೆ ಆಗಲೇ ಒಂದು ವಾಹನ ಕೊಟ್ಟಾಗಿದೆ ಎಂಬ ಷರಾ ಹೊತ್ತು ವಾಪಸ್ಸು ಬಂದಿತ್ತು. ದಂಡದ ನೋಟಿಸು ಮನೆಗೆ ಬಂದಾಗ ಓದಿ ಹೇಳಿದವಳೂ ಅವಳೇ.

"ಗಾಡಿ ನಮ್ದಲ್ಲ ಅಂತ ಸರ್ಕಾರದ ಕ್ಯಾಮರಾನೇ ಯೋಳ್ತೈತೆ ಅಪ್ಪ. ದಂಡ ಕಟ್ಬ್ಯಾಡ, ಒಪ್ಪಲ್ಲ ಅಂತ ಬರ್ಕೊಡು. ಆ ಕಾಗ್ದ ಒಂದಿದ್ರೆ ನಿಗಮ್ದೋರ್ ಮುಂದೆ ನಿಂತ್ಕೊಂತೀನಿ."

ಎಎಸ್‌ಐ ನಗು ಮುಗಿಸಿ ವಿಷಯ ಬಿಡಿಸಿ ಹೇಳಿದ. ತಕರಾರು ಬರೆದುಕೊಟ್ಟರೆ ಕೋರ್ಟಿಗೆ ಹೋಗುತ್ತದೆ. ಗಾಡಿ ನಿನ್ನದಲ್ಲದಿದ್ದರೆ ಸಬ್ಸಿಡಿ ತಿಂದವರು ಯಾರು ಎಂದು ಅಲ್ಲಿ ಕೇಳುತ್ತಾರೆ. ಕಾಗದಗಳಲ್ಲಿರುವ ರುಜುವೆಲ್ಲ ನಿನ್ನದು, ಮೊದಲು ಒಳಗೆ ಹೋಗುವವನೂ ನೀನು.

"ಕಟ್ಬಿಟ್ಟು ಹೋಗಯ್ಯಾ. ಐನೂರು ರೂಪಾಯಿಗೆ ಯಾಕೆ ಜೈಲು ನೋಡ್ತೀಯ?"

ಮುನಿಆಂಜಿನಪ್ಪ ಜೇಬಿನ ದುಡ್ಡು ಮುಟ್ಟಿ ನೋಡಿಕೊಂಡ. ಕಟ್ಟಿ ಹೋಗಿಬಿಡೋಣ ಎಂದೂ ಅನ್ನಿಸಿತು. ಆದರೆ ಮಗಳು ಬರೆದುಕೊಟ್ಟಿದ್ದ ಕಾಗದ ಅಂಗಿಯೊಳಗೆ ಬೆವರಿಗೆ ಒದ್ದೆಯಾಗಿ ಎದೆಗೆ ಅಂಟಿಕೊಂಡಿತ್ತು. ಅದನ್ನು ಬಿಡಿಸಿ ತೆಗೆದು ಮೇಜಿನ ಮೇಲಿಟ್ಟ. ಎಎಸ್‌ಐ ಓದಲಿಲ್ಲ. ಪೆನ್ನಿನ ತುದಿಯಿಂದ ಪಕ್ಕಕ್ಕೆ ತಳ್ಳಿ, ದಾಖಲೆಯಲ್ಲಿದ್ದ ಮಾಲೀಕನ ಮೊಬೈಲ್ ನಂಬರಿಗೆ ಫೋನು ಹಚ್ಚಿದ. ಆ ನಂಬರು ನಾಗೇಶನದು. ಐದು ನಿಮಿಷದಲ್ಲಿ ದಂಡ ಕಟ್ಟಾಗಿದೆ ಎಂದು ಕಂಪ್ಯೂಟರು ತೋರಿಸಿತು. ಕಟ್ಟಿದ ಮೇಲೆ ತಪ್ಪು ಒಪ್ಪಿಕೊಂಡ ಹಾಗೆ, ಇನ್ನೆಲ್ಲಿಯ ತಕರಾರು ಎಂದು ಎಎಸ್‌ಐ ಕಾಗದವನ್ನು ವಾಪಸ್ಸು ಕೊಟ್ಟ.

ಊರಿಗೆ ಬರುವಷ್ಟರಲ್ಲಿ ಗೌಡರ ಅಂಗಳದಿಂದ ಕರೆ ಬಂದಿತ್ತು. ವೆಂಕಟರಾಮಯ್ಯ ಕೂಗಾಡಲಿಲ್ಲ. ಹೊಸ ಲೇಔಟಿನ ನಕ್ಷೆ ಮಡಚುತ್ತಾ, ನಿನ್ನ ಗುಡಿಸಲು ಯಾರ ಜಾಗದಲ್ಲಿದೆ ಎಂದು ಕೇಳಿದರು. ನಿಮ್ಮದೇ ಎಂದ. ಅಲ್ಲಿಗೇ ರಸ್ತೆ ಬರುತ್ತದೆ, ನಾಳೆಯೇ ಜೆಸಿಬಿ ತರಿಸಲೇ ಎಂದು ಕೇಳಿದರು. ಬೇಡ ಎಂದು ತಲೆ ತಗ್ಗಿಸಿದ. ನಾಗೇಶ ಜಗಲಿಯ ಮೇಲೆ ಕೂತು ಮೊಬೈಲು ತಿಕ್ಕುತ್ತಿದ್ದ. ಗೌಡರು ಅದೇ ದನಿಯಲ್ಲಿ ಹೇಳಿದರು.

"ಸೂಳೆಮಗನೆ, ನನ್ ಅನ್ನ ತಿಂದು ನನ್ ಮಗನ್ ಮ್ಯಾಲೇ ಟೇಸನ್‌ಗೆ ಓಗ್ತೀಯಾ? ನಾಳೆಯಿಂದ ಟಾರ್ಪಾಲ್ ಕೆಳ್ಗೆ ಮಲಿಕ್ಕೊಂಡು ಓಗು. ಮೂಟೆ ಜತ್ಗೆ ಮೂಟೆ ಆಗಿ ಬಿದ್ದಿರು. ಕ್ಯಾಮರಾಕ್ ನೀನ್ ಕಾಣ್ಬಾರ್ದು."

ಮನೆಯಲ್ಲಿ ಬಿಂದುಶ್ರೀ ಒದ್ದೆ ಕಾಗದವನ್ನು ಆರಿಸಿ, ಲೈಸೆನ್ಸ್ ಇಟ್ಟಿದ್ದ ಡಬ್ಬದಲ್ಲಿ ಅದನ್ನೂ ಇಟ್ಟಳು. ನೋಡುತ್ತಾ ನಿಂತ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮರುದಿನ ಮೂಟೆ ಏರಿಸಿದ. ಮೂಟೆಗಳ ಮಧ್ಯೆ ಮಲಗಿದ. ನಾಗೇಶ ಟಾರ್ಪಾಲು ಎಳೆದು ನಾಲ್ಕೂ ಮೂಲೆಗೆ ಹಗ್ಗ ಬಿಗಿದ. ಒಳಗೆ ಹಸಿಮಣ್ಣಿನ ವಾಸನೆ, ಕಾದ ಪ್ಲಾಸ್ಟಿಕ್ಕಿನ ವಾಸನೆ. ಯಲಹಂಕ ದಾಟಿದ್ದು ಹಂಪುಗಳಿಂದಲೇ ತಿಳಿಯಿತು. ಆಮೇಲೆ ಗಾಡಿ ನಿಂತು ನಿಂತು ತೆವಳತೊಡಗಿತು. ಹೆಬ್ಬಾಳ. ಇನ್ನೊಂದು ಫೋಟೊ ಬಿದ್ದರೆ ಇನ್ನೊಂದು ನೋಟಿಸು ಬರುತ್ತದೆ. ಅದನ್ನೂ ನಾಗೇಶ ಐದು ನಿಮಿಷದಲ್ಲಿ ಕಟ್ಟಿ ಮುಗಿಸುತ್ತಾನೆ. ಅವನು ಕಟ್ಟುವುದರೊಳಗೆ ಮಗಳಿರುವ ಗುಡಿಸಲು ನೆಲಸಮವಾಗಿರುತ್ತದೆ. ಇದೆಲ್ಲ ಮುನಿಆಂಜಿನಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೇ ಮೂಟೆಯ ಹುರಿ ಕೊಯ್ಯಲು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದ ಕುಡುಗೋಲು ತೆಗೆದು ಒಳಗಿನಿಂದಲೇ ಟಾರ್ಪಾಲನ್ನು ಉದ್ದಕ್ಕೆ ಸೀಳಿದ.

ಮೂಟೆಗಳ ಮೇಲೆ ಎದ್ದು ನಿಂತಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಮುಂದೆ ಹಿಂದೆ ಗಾಡಿಗಳು ಅಲುಗಾಡದೆ ನಿಂತಿದ್ದವು. ನೆತ್ತಿಯ ಮೇಲೆ ಕಂಬ, ಕಂಬದಲ್ಲಿ ಕ್ಯಾಮರಾ. ಕುಡುಗೋಲನ್ನು ಮೂಟೆಯ ಸಂದಿಗೆ ಎಸೆದ. ಮುಖ ಕಾಣಲಿ ಎಂದು ತಲೆಯ ಟವೆಲ್ ಬಿಚ್ಚಿದ.

ಕನ್ನಡಿಯಲ್ಲಿ ಕಂಡಿರಬೇಕು, ನಾಗೇಶ ಬಾಗಿಲು ತೆರೆದು ಇಳಿದ. ಅವನ ಕೈಯಲ್ಲಿ ಜಾಕಿನ ರಾಡಿತ್ತು. ಇಳಿಯೋ ಲೇ ಕೆಳಗೆ ಎಂದು ಅರಚುತ್ತಾ ಗಾಡಿಯ ಹಿಂಬದಿಗೆ ಬಂದ. ಮುನಿಆಂಜಿನಪ್ಪ ಇಳಿಯಲಿಲ್ಲ. ಇನ್ನೆರಡು ಹೆಜ್ಜೆ ಈಚೆಗೆ ಬರಲಿ, ಅವನೂ ಫೋಟೊದಲ್ಲಿ ಬೀಳಲಿ ಎಂದು ಕ್ಯಾಮರಾದ ಕಡೆಗೇ ಮುಖ ಮಾಡಿಕೊಂಡು ನಿಂತಿದ್ದ.