ಬಚುಲಿ ಕಾಕಿಯ ಐದು ಉಸಿರು

ಹೃಷಿಕೇಶದ ನಮ್ಮ ಆಶ್ರಮದಲ್ಲಿ ಯೋಗ ಕಲಿಸುವ ಸರ್ಟಿಫಿಕೇಟು ಸಿಗಬೇಕಾದರೆ ಕೊನೆಗೆ ಒಂದು ಸೇವೆ ಇತ್ತು. ಅಲ್ಲೇ ದುಡಿಯುವ ಒಬ್ಬರಿಗೆ ನಲವತ್ತು ದಿನ ಪಾಠ ಹೇಳಬೇಕು, ದಿನದಿನದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ನನ್ನ ಪಾಲಿಗೆ ಬಂದವಳು ಬಚುಲಿ ಕಾಕಿ. ಆಶ್ರಮದ ಚಾದರಗಳನ್ನೆಲ್ಲ ಗಂಗೆಯ ಮೆಟ್ಟಿಲಲ್ಲಿ ಒಗೆಯುತ್ತಿದ್ದಳು. ಎರಡೂ ಮಂಡಿ ಹಿಡಿದುಕೊಂಡಿದ್ದವು.

"ಬಂದ್ಳಪ್ಪಾ ನಮ್ಮ ಮಾಸ್ತರಮ್ಮ! ಇವತ್ತು ಕಾಲು ನೀಡಿಸ್ತೀಯೋ, ಮುರಿಸ್ತೀಯೋ?" ಎನ್ನುತ್ತಲೇ ಚಾಪೆ ಹಾಸುತ್ತಿದ್ದಳು.

ಹನ್ನೊಂದು ದಿನ ಹೋದೆ. ಆಮೇಲೆ ವೃಶ್ಚಿಕಾಸನದ ಹುಚ್ಚು ಹಿಡಿಯಿತು. ಮೊಣಕೈ ಮೇಲೆ ನಿಂತು ಪಾದವನ್ನು ತಲೆಗೆ ಮುಟ್ಟಿಸುವುದು ನಮ್ಮ ತಂಡದಲ್ಲಿ ಯಾರಿಗೂ ಬಂದಿರಲಿಲ್ಲ. ಕಾಕಿಯ ಹೊತ್ತನ್ನು ಅದಕ್ಕೆ ಸುರಿದೆ. ನೋಟ್‌ಬುಕ್ಕನ್ನು ಮಾತ್ರ ಬಿಡಲಿಲ್ಲ. 'ಇಂದು ಮಂಡಿ ಸಡಿಲವಾಗಿದೆ.' 'ಇಂದು ಮಂಡಿ ಮಡಿಸಿ ವಜ್ರಾಸನದಲ್ಲಿ ಐದು ಉಸಿರು ಕೂತಳು.' ಅಜ್ಜನ ತೊಡೆಯ ಮೇಲೆ ಶ್ಲೋಕ ಕೇಳಿ ಬೆಳೆದವಳು ನಾನು. ಸುಳ್ಳನ್ನೂ ಲಯವಾಗಿಯೇ ಬರೆದೆ.

ನಲವತ್ತನೆಯ ದಿನ, ನಮ್ಮ ಗುರು ಮಾತಾಜಿ ಎಲ್ಲರೆದುರು ಆ ನೋಟ್‌ಬುಕ್ಕನ್ನು ನನ್ನಿಂದ ಓದಿಸಿದರು. ಕಣ್ಣು ಮುಚ್ಚಿ ಕೇಳಿದವರು ಕೊನೆಗೆ ನನಗೆ, "ಹೇಮಂತಿ, ಬಚುಲೀನ ಕರಿ. ನೋಡೋಣ" ಎಂದರು.

ಕಾಕಿ ಒದ್ದೆ ಸೆರಗಲ್ಲೇ ಬಂದಳು.

"ವಜ್ರಾಸನದಲ್ಲಿ ಕೂರ್ತೀಯಂತಲ್ಲ?"

ಕಾಕಿ ನನ್ನತ್ತ ತಿರುಗಿದಳು. ನನ್ನ ಮುಖ ಓದಲು ಅವಳಿಗೆ ಅಕ್ಷರ ಬೇಕಿರಲಿಲ್ಲ.

"ಹೂಂ ಮಾತಾಜಿ. ಈ ಹುಡುಗಿ ಒಂದಿನಾನೂ ತಪ್ಪಿಸ್ಲಿಲ್ಲ."

ಗೋಡೆ ಹಿಡಿದು ಇಳಿದಳು. ಕಾಲು ಮಡಿಸಿದಳು. ಮಂಡಿ ಲಟಕ್ಕೆಂದದ್ದು ನಾನಿದ್ದಲ್ಲಿಗೆ ಕೇಳಿಸಿತು. ಮಾತಾಜಿ ಉಸಿರು ಎಣಿಸತೊಡಗಿದರು. ಒಂದು. 'ನಾನು ಬರೆದದ್ದು ಸುಳ್ಳು' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಎರಡು. ಕಾಕಿಯ ಕೆಳತುಟಿ ಹಲ್ಲಿನಡಿ ಸೇರಿತು. ಮೂರು. ನಾಲ್ಕು. ಐದಾದರೂ ನಾನು ಬಾಯಿ ಬಿಡಲಿಲ್ಲ.

ಎಲ್ಲರೂ ಚಪ್ಪಾಳೆ ತಟ್ಟಿದರು. ಇಬ್ಬರು ಸೇರಿ ಕಾಕಿಯನ್ನು ಎಬ್ಬಿಸಿದರು. ಸರ್ಟಿಫಿಕೇಟು ಕೊಡುವಾಗ ಮಾತಾಜಿ ನನ್ನ ಕಣ್ಣನ್ನೇ ನೋಡಿದರು. ಕಾಲಿಗೆ ಬಿದ್ದು ಆ ನೋಟ ತಪ್ಪಿಸಿಕೊಂಡೆ.

ಮಾರನೆಯ ಬೆಳಗ್ಗೆ ಚಾಪೆ ಹಿಡಿದು ಮೆಟ್ಟಿಲಿಗೆ ಹೋದೆ. ಕಾಕಿ ಚಾದರದ ರಾಶಿಯ ಪಕ್ಕ ಕಾಲು ಚಾಚಿ ಕೂತಿದ್ದಳು. ಒಂದೂ ಒಗೆದಿರಲಿಲ್ಲ. ಬಲಮಂಡಿ ಸೋರೆಬುರುಡೆಯಂತೆ ಊದಿತ್ತು.

"ಇವತ್ಯಾಕೆ ಬಂದೆ ಮಗಳೇ? ಸರ್ಟಿಫಿಕೇಟು ಸಿಕ್ತಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನಿಜಕ್ಕೂ ಕೇಳುತ್ತಿದ್ದಳು.

"ಮಾತಾಜಿಗೆ ಎಲ್ಲಾ ಹೇಳಿಬಿಡ್ತೀನಿ ಕಾಕಿ."

"ಹೇಳು, ಹೇಳು. ನನ್ನನ್ನೂ ಸುಳ್ಳಿ ಅನ್ನಿಸು. ಅರವತ್ತು ವರ್ಷಕ್ಕೆ ಅದೊಂದು ಬಿರುದು ಕಮ್ಮಿ ಇತ್ತು."

ಚಾಪೆ ಬದಿಗಿಟ್ಟೆ. ಚಾದರ ಎತ್ತಿಕೊಂಡು ನೀರಿಗಿಳಿದೆ. ರಾಶಿ ಮುಗಿಯುವವರೆಗೂ ಒಗೆದೆ.

ಮಾತಾಜಿಗೆ ನಾನು ಹೇಳಲಿಲ್ಲ. ಕಾಕಿಯ ಮಾನ ಉಳಿಸಲು ಎಂದು ಬಹಳ ದಿನ ಅಂದುಕೊಂಡಿದ್ದೆ. ಆ ಸರ್ಟಿಫಿಕೇಟಿನ ಮೇಲೆಯೇ ಇಂದಿಗೂ ಪಾಠ ಹೇಳುತ್ತಿದ್ದೇನೆ.